ಗುಡ್ಡಕ್ಕೊಂದು ಕಸಬರಿಗೆ

ಗುಡ್ಡದ ಮೇಲೆ ಹೋಗಿ ಎರಡು ದಿನ ಸುಮ್ಮನೆ ಕೂತು ಬರೋಣ ಎಂದು ಹೊರಟರೆ, ಸುಮ್ಮನೆ ಕೂರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ಒಂದು ಸಲ ಆದರೆ ಗ್ರಹಚಾರ ಎನ್ನಬಹುದು, ನನಗೆ ಪ್ರತಿವರ್ಷ ಆಗುತ್ತದೆ.

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ದೀಪಾವಳಿ ಮುಗಿದು ಹೊಸ ಮಾಲು ಪೇಟೆಗೆ ಬರುವ ಮುಂಚೆ ನಮಗೆ ಸ್ವಲ್ಪ ಬಿಡುವು. ಆಗ ಪಡುವಣದ ಕಡೆ, ನಮ್ಮ ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ಇರುವ ಒಂದು ಗುಡ್ಡಕ್ಕೆ ಹೋಗುತ್ತೇನೆ. ಅದರ ನೆತ್ತಿಯ ಮೇಲೆ ಡೇರೆ ಹಾಕಿ ಉಳಿಯಲು ಬಿಡುತ್ತಾರೆ. ಕೆಳಗಿನ ಚೌಕಿಯಲ್ಲಿ ಕಾವಲುಗಾರನಿಗೊಂದು ಮಾತು ಹೇಳಿದರಾಯಿತು, ಎಲ್ಲ ಪುಕ್ಕಟೆ. ಅಲ್ಲಿಯ ಗಾಳಿ, ಬೆಳಗಿನ ಮಂಜು, ರಾತ್ರಿ ಆಕಾಶದಲ್ಲಿ ಕೈಗೆ ಸಿಗುವಂತಿರುವ ಚಿಕ್ಕೆಗಳು ನನಗೆ ಬಹಳ ಪ್ರೀತಿ. ಪೇಟೆಯ ಗದ್ದಲ ತಲೆಯಿಂದ ಇಳಿಯುವುದು ಅಲ್ಲಿ ಮಾತ್ರ.

ಆದರೆ ನನ್ನ ಅತ್ತೆಯವರಿಗೆ, ಅಂದರೆ ಹೆಂಡತಿಯ ತಾಯಿಗೆ, ಇದು ಸರಿಬರಲಿಲ್ಲ. ಹೊಸರಿತ್ತಿಯವರಾದ ಅವರು ಬಹಳ ವರ್ಷಗಳಿಂದ ನಮ್ಮ ಜೊತೆಗೇ ಇದ್ದಾರೆ. ಮನೆಯ ಯಜಮಾನ ನಾನು, ತೀರ್ಪು ಅವರದು. ಓಣಿಯ ಹೆಂಗಸರು ಅವರನ್ನು ಕೇಳಿದರಂತೆ, "ನಿಮ್ಮ ಅಳ್ಯಾರು ಮನಿ ಬಿಟ್ಟು ಗುಡ್ಡದಾಗ ಮಲಗತಾರಂತಲ್ರಿ, ಮನ್ಯಾಗೇನರ ಜಗಳ ಆಗೇತೇನು?" ಅಷ್ಟು ಸಾಕಾಯಿತು.

"ಈ ಸಲ ನಾನೂ ಬರ್ತೇನಿ ಅಳ್ಯಾರ," ಎಂದರು. "ಕಣ್ಣಾರೆ ನೋಡತೇನಿ. ಚಲೋ ಇದ್ರ ಹೋಗ್ರಿ, ಯಾರು ಬ್ಯಾಡ ಅಂತಾರ. ನಾ ಒಲ್ಲೆ ಅಂದ್ರ ಮುಂದ ಯಾರೂ ಅತ್ತಾಗ ಹೊಳ್ಳಿ ನೋಡಂಗಿಲ್ಲ."

ಹೀಗೆ ಈ ವರ್ಷ ನನ್ನ ಗುಡ್ಡ ಅವರ ಕೈಗೆ ಹೋಯಿತು. ಅದಕ್ಕೂ ಮೊದಲಿನ ಕೆಲವು ಸಂಗತಿ ಹೇಳಿಬಿಡುತ್ತೇನೆ.

ಸೌಕರ್ಯಗಳು

ಮೊದಲ ವರ್ಷ ಕಾವಲುಗಾರನಿಗೆ ಫೋನು ಮಾಡಿ ವಿಚಾರಿಸಿದ್ದೆ.

"ರೂಮು ಅದಾವೇನ್ರಿ?"

"ಇಲ್ರಿ."

"ಕರೆಂಟು?"

"ಇಲ್ರಿ."

"ನೀರು?"

"ಕೆಳಗ ಝರಿ ಐತ್ರಿ. ತುಂಬ್ಕೊಂಡು ಹತ್ತಬೇಕ್ರಿ."

"ಬಾತ್‌ರೂಮು?"

"ಗಿಡಾ ಭಾಳ ಅದಾವ್ರಿ," ಎಂದ.

ನನಗೆ ಸಿಟ್ಟು ಬಂತು. "ಮತ್ತ ಅಲ್ಲಿ ಇರೂದರ ಏನ್ರೀ?"

"ಗುಡ್ಡ ಐತ್ರಿ," ಎಂದು ಫೋನಿಟ್ಟ.

ಅಳತೆ ಕೊಟ್ಟು ಹೊಲಿಸಿದ ಡೇರೆ

ರಾಣೆಬೆನ್ನೂರಿನಲ್ಲಿ ನನ್ನ ಹಳೆಯ ದೋಸ್ತ ಒಬ್ಬ ಟೇಲರ್ ಇದ್ದಾನೆ. ಊರೆಲ್ಲ ಅವನನ್ನು ಟೇಲರ್ ಭಾಯ್ ಎನ್ನುತ್ತದೆ. ಜೊತೆಗೆ ಬಾ ಎಂದು ಕರೆದಾಗ ಅವನು ಡೇರೆಯ ವಿಷಯ ಕೇಳಿದ. ಪೇಟೆಯಲ್ಲಿ ಸಿದ್ಧ ಡೇರೆ ಸಿಗುತ್ತದಲ್ಲ ಎಂದೆ. ಅವನಿಗೆ ಅವಮಾನವಾಯಿತು.

"ನಾ ಬದುಕೇನಿ, ನೀ ರೆಡಿಮೇಡ್ ತರ್ತಿ? ಮಲಗಿಲ್ಲಿ," ಎಂದು ಅಂಗಡಿಯ ನೆಲದ ಮೇಲೆಯೇ ನನ್ನನ್ನು ಮಲಗಿಸಿ ಟೇಪು ಹಿಡಿದ. ಉದ್ದ, ಅಗಲ ಆದ ಮೇಲೆ ಎದೆಯ ಸುತ್ತಳತೆಯನ್ನೂ ತೆಗೆದುಕೊಂಡ. ಇದು ಯಾಕಪ್ಪಾ ಎಂದರೆ, "ಉಸಿರಾಡಾಕ ಜಾಗ ಬ್ಯಾಡೇನು?" ಎಂದ.

ಡೇರೆ ನಿಜಕ್ಕೂ ಚೆಂದಾಗಿತ್ತು. ಮಳೆ ಒಳಗೆ ಬಾರದಂತೆ ಕಾಲರು, ಬಾಗಿಲಿನುದ್ದಕ್ಕೂ ಕಾಜಾ ಗುಂಡಿ, ಬದಿಗೊಂದು ಕಿಸೆ. ಗುಡ್ಡದ ಮೇಲೆ ಸಂಜೆ ತಂಗಾಳಿ ಬೀಸತೊಡಗಿದಾಗ ಇಬ್ಬರೂ ಒಳಗೆ ಸೇರಿಕೊಂಡೆವು. ಬಾಗಿಲು ಮುಚ್ಚೋಣವೆಂದು ತಡಕಾಡಿದರೆ ಗುಂಡಿಗಳೆಲ್ಲ ಹೊರಗಿವೆ! ಒಳಗೆ ಇಬ್ಬರು ಬೆಚ್ಚಗೆ ಮಲಗಬೇಕಾದರೆ ಮೂರನೆಯವನೊಬ್ಬ ಹೊರಗೆ ಚಳಿಯಲ್ಲಿ ನಿಂತು ಗುಂಡಿ ಹಾಕಬೇಕು.

"ಏನೋ ಇದು?" ಎಂದೆ.

ಅವನು ಒಂದಿಷ್ಟೂ ಅಳುಕಲಿಲ್ಲ. "ಇಷ್ಟು ವರ್ಷ ಅಂಗಿ ಹೊಲದೇನಿ. ಒಳಗ ಕುಂತು ಗುಂಡಿ ಹಾಕ್ಕೊಳ್ಳೋ ಗಿರಾಕಿ ನನಗ ಇನ್ನೂ ಬಂದಿಲ್ಲ."

ಸರಿಮಾಡಿ ಕೊಡು ಎಂದು ಪ್ರತಿವರ್ಷ ಹೇಳುತ್ತೇನೆ. ಸೋಮವಾರ ಬಾ ಎನ್ನುತ್ತಾನೆ.

ಮೌನ

ಹೆಂಡತಿ ಮೊದಲ ಬಾರಿ ಜೊತೆಗೆ ಬಂದ ವರ್ಷ ಪಕ್ಕದಲ್ಲೇ ಬೆಂಗಳೂರಿನ ಗಂಡ ಹೆಂಡಿರ ಡೇರೆಯಿತ್ತು. ಮಾತಾಡಿಸಿದರೆ ನಕ್ಕರು, ತುಟಿಯ ಮೇಲೆ ಬೆರಳಿಟ್ಟುಕೊಂಡು ಒಂದು ಚೀಟಿ ತೋರಿಸಿದರು. ಗುಡ್ಡದಲ್ಲಿರುವಷ್ಟು ದಿನ ಮೌನವ್ರತ ಎಂದು ಬರೆದಿತ್ತು.

ನನ್ನ ಹೆಂಡತಿಗೆ ಮೌನದ ಚಿಂತೆಯಿಲ್ಲ. ನಾವು ಬುತ್ತಿ ಬಿಚ್ಚಿದ್ದೇವೆ, ಕಣ್ಣೆದುರಿನ ಇಬ್ಬರು ಒಣ ಬಿಸ್ಕೀಟು ಕಡಿಯುತ್ತಿದ್ದಾರೆ, ಅವಳಿಗೆ ತುತ್ತು ಇಳಿಯುವುದಾದರೂ ಹೇಗೆ? ನಮ್ಮ ಕಡೆ ಹಾಗೆ ಉಣ್ಣುವ ರೂಢಿಯಿಲ್ಲ.

"ಬರ್ರಿ, ರೊಟ್ಟಿ ಉಣ್ಣಬರ್ರಿ," ಎಂದಳು. ಅವರು ಕೈಮುಗಿದು ಮತ್ತೆ ಚೀಟಿ ತೋರಿಸಿದರು.

"ಅದನ್ನ ಓದೇನ್ರಿ. ಮಾತಾಡಾಕ ಬಾಯಿ ತೆರೀಬ್ಯಾಡ್ರಿ, ಉಣ್ಣಾಕ ತೆರೀರಿ ಸಾಕು," ಎಂದು ಇಬ್ಬರ ಕೈಗೂ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟೇಬಿಟ್ಟಳು.

ಇಬ್ಬರೂ ತಲೆ ತಗ್ಗಿಸಿ ಉಂಡರು. ಮುಗಿದ ಮೇಲೆ ಗಂಡ ಹೆಂಡತಿಯ ಮುಖ ನೋಡಿದ, ಗುಡ್ಡ ನೋಡಿದ, ನಮ್ಮ ಬುಟ್ಟಿ ನೋಡಿದ. ಆಮೇಲೆ ವ್ರತ ಮುರಿದು ಕೇಳಿದ, "ಇನ್ನೊಂದು ರೊಟ್ಟಿ ಇದೆಯಾ ಆಂಟಿ?"

ಅತ್ತೆಯವರ ತಪಾಸಣೆ

ಈಗ ಈ ವರ್ಷದ ಮಾತು. ನಾನು, ಹೆಂಡತಿ, ಟೇಲರ್ ಭಾಯ್, ಅತ್ತೆಯವರು. ಮುಕ್ಕಾಲು ದಾರಿಗೆ ಜೀಪು ಹೋಗುತ್ತದೆ. ಉಳಿದದ್ದನ್ನು ಅತ್ತೆಯವರು ನಮಗಿಂತ ಮುಂದಾಗಿ ಹತ್ತಿದರು, ಅದೂ ಕಂಕುಳಲ್ಲಿ ಒಂದು ಕಸಬರಿಗೆ ಹಿಡಿದುಕೊಂಡು. ಮನೆಯಿಂದ ತಂದಿದ್ದರು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನೆತ್ತಿ ಮುಟ್ಟಿದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡಿಸಲು ಶುರುಮಾಡಿದರು. ಡೇರೆಯ ಜಾಗವಾಯಿತು, ಒಲೆಯ ಕಲ್ಲಿನ ಸುತ್ತ ಆಯಿತು, ಅಲ್ಲಿಗೂ ನಿಲ್ಲದೆ ಕಾಡಿನ ಅಂಚಿನವರೆಗೆ ಹೋದರು. ಒಣಗಿದ ಎಲೆಯನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಝರಿಯಿಂದ ನಾನು ಏದುಸಿರು ಬಿಡುತ್ತ ಹೊತ್ತು ತಂದ ನೀರನ್ನು ಚಳೆಹೊಡೆದು, ಹಾಸುಬಂಡೆಯ ಮೇಲೆ ರಂಗೋಲಿ ಇಟ್ಟರು.

ಗಸ್ತಿಗೆ ಬಂದ ಕಾವಲುಗಾರ ಕಣ್ಣು ಬಾಯಿ ಬಿಟ್ಟ. "ಅಮ್ಮಾರ, ಇದು ಕಾಡು ಐತ್ರಿ."

ಅತ್ತೆಯವರು ಸೊಂಟ ನೆಟ್ಟಗೆ ಮಾಡಿ ಕೇಳಿದರು, "ಕಾಡಂದ್ರ ಕಸಾ ಇರಬೇಕಂತ ಎಲ್ಲೈತೋ ತಮ್ಮಾ?"

ಅವನು ಹಾಕಿಕೊಂಡ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ರಂಗೋಲಿ ದಾಟಿ ಹೋದ.

ಘಾಟು

ಸಂಜೆಯವರೆಗೂ ಅತ್ತೆಯವರು ತೀರ್ಪು ಹೇಳಲಿಲ್ಲ. ಬಿಸಿಲು ಕೆಳಗಿನ ಹೊಲಗಳ ಮೇಲಿಂದ ಸರಿಯುವುದನ್ನು ಬಂಡೆಯ ಮೇಲೆ ಕೂತು ನೋಡುತ್ತಿದ್ದರು. ಮುಖ ಮೆತ್ತಗಾಗಿತ್ತು. ಗುಡ್ಡ ಉಳಿಯಿತು ಎಂದು ನನಗೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ಮೈಸೂರಿನ ಕಡೆಯ ಒಂದು ಗುಂಪು ಬಂತು. ಶುದ್ಧ ಗಾಳಿಯಲ್ಲಿ ಪ್ರಾಣಾಯಾಮ ಮಾಡಲು ಬಂದವರು. ಅತ್ತೆಯವರನ್ನು ನೋಡಿ ಅವರಿಗೆ ಆಶ್ಚರ್ಯವೋ ಆಶ್ಚರ್ಯ. "ಈ ವಯಸ್ಸಲ್ಲೂ ಎಷ್ಟು ಗಟ್ಟಿ ಇದ್ದೀರಿ ಅಜ್ಜಿ! ಮಗಳು ಅಳಿಯ ಎಷ್ಟು ಚೆನ್ನಾಗಿ ನೋಡ್ಕೋತಾರೆ! ಎಂಥ ಸಂಸಾರ!" ಎಂದು ಹೊಗಳಿ, ಸ್ವಲ್ಪ ದೂರ ಹೋಗಿ ಸಾಲಾಗಿ ಪದ್ಮಾಸನ ಹಾಕಿ ಕೂತರು.

ಅತ್ತೆಯವರ ಮುಖ ಬಿಗಿಯಿತು. "ಇಷ್ಟು ಮಂದಿ ಒಮ್ಮೆಲೇ ಹೊಗಳಿದ್ರ ದೃಷ್ಟಿ ಆಗದ ಇರತೈತೇನು? ಕುಂದರ್ರಿ ಎಲ್ಲಾರೂ."

ಟೇಲರ್ ಭಾಯ್ ಆಗಲೇ ಡೇರೆಯೊಳಗೆ ಅಡ್ಡಾಗಿದ್ದ, ಗಾಳಿ ಬರದಿರಲೆಂದು ನಾನೇ ಹೊರಗಿನಿಂದ ಗುಂಡಿ ಹಾಕಿದ್ದೆ. ನಾನೂ ಹೆಂಡತಿಯೂ ಒಲೆಯ ಮುಂದೆ ಕೂತೆವು. ಅತ್ತೆಯವರು ಅಡುಗೆಗೆಂದು ತಂದ ಚೀಲದಿಂದ ಒಂದು ಮುಷ್ಟಿ ಒಣಮೆಣಸಿನಕಾಯಿ, ಉಪ್ಪು, ಕಸಬರಿಗೆಯ ಕಡ್ಡಿ ನಿವಾಳಿಸಿ ಬೆಂಕಿಗೆ ಹಾಕಿದರು. ನಮ್ಮಲ್ಲಿ ಲೆಕ್ಕ ಸರಳ. ಘಾಟಿಗೆ ಕೆಮ್ಮು ಬಂದರೆ ದೃಷ್ಟಿಯಿಲ್ಲ. ಕೆಮ್ಮು ಬಾರದಿದ್ದರೆ ದೃಷ್ಟಿ ತಗುಲಿದೆ.

ಕೆಮ್ಮು ಬರಲಿಲ್ಲ.

"ಅಯ್ಯ ಶಿವನ! ಬಂದ ದಿನಾನ ಇಷ್ಟು ದೃಷ್ಟಿ! ಜಾಗಾನ ಚಲೋ ಇಲ್ಲ," ಎಂದು ಇನ್ನೊಂದು ಮುಷ್ಟಿ ಹಾಕಿದರು.

ಒಂದು ಕೆಮ್ಮಿನ ಮೇಲೆ ನನ್ನ ಗುಡ್ಡ ನಿಂತಿತ್ತು. ಹೊಗೆಗೆ ಮುಖ ಒಡ್ಡಿದೆ, ಎಳೆದೆಳೆದು ಉಸಿರು ತೆಗೆದುಕೊಂಡೆ. ಏನೂ ಆಗಲಿಲ್ಲ. ಹೇಗಾದೀತು? ಹುಟ್ಟಿದಾಗಿನಿಂದ ಮೆಣಸಿನಕಾಯಿ ಚೀಲಗಳ ನಡುವೆ ಬೆಳೆದ ಮೂಗು ನನ್ನದು. ನಮ್ಮ ಮನೆಯಲ್ಲಿ ಎಲ್ಲರದೂ ಈಗ ಅದೇ ಕಥೆ.

ನನ್ನ ಪಾಡು ನೋಡಲಾರದೆ ಹೆಂಡತಿ ಕೆಮ್ಮಿದಳು. ಅತ್ತೆಯವರು ಹುಬ್ಬು ಗಂಟಿಕ್ಕಿ, "ಸಣ್ಣಾಕಿದ್ದಾಗ ಸಾಲಿ ತಪ್ಪಸಾಕ ಕೆಮ್ಮತಿದ್ದೆಲ್ಲಾ, ಅದ ಕೆಮ್ಮು ಇದು. ನನಗ ಗೊತ್ತಿಲ್ಲೇನು?" ಎಂದು ಚೀಲವನ್ನೇ ಬೆಂಕಿಗೆ ಸುರಿದರು.

ಆ ಹೊಗೆ ನಿಧಾನವಾಗಿ ಎದ್ದು, ಮೈಸೂರಿನವರತ್ತ ಹೊರಟಿತು. ಅವರ ಗುರುಗಳು ಆಗಷ್ಟೇ ಹೇಳುತ್ತಿದ್ದರು, "ದೀರ್ಘವಾಗಿ ಒಳಗೆ ತೆಗೆದುಕೊಳ್ಳಿ... ಹಾಗೇ ಹಿಡಿದಿಡಿ..."

ಹಿಡಿದಿಟ್ಟರು. ಆಮೇಲೆ ಇಡೀ ಸಾಲು ಒಟ್ಟಿಗೆ ಸಿಡಿಯಿತು. ಪದ್ಮಾಸನ ಬಿಚ್ಚಲು ಪುರುಸೊತ್ತಿಲ್ಲದವರು ಕೂತಲ್ಲೇ ಉರುಳಿದರು. ಇತ್ತ ನಮ್ಮ ಡೇರೆ ಕುಣಿಯತೊಡಗಿತು. ಒಳಗಿನಿಂದ ಕೆಮ್ಮಿನ ನಡುವೆ ಟೇಲರ್ ಭಾಯ್‌ನ ಕೂಗು, "ಯಾ ಅಲ್ಲಾ! ಗುಂಡಿ ಬಿಚ್ಚ್ರೋ! ಯಾರರ ಗುಂಡಿ ಬಿಚ್ಚ್ರೋ!"

ಓಡಿಹೋಗಿ ಬಿಚ್ಚಿದೆ. ಹೊರಗೆ ಬಿದ್ದವನೇ, "ಸೋಮವಾರ ಬ್ಯಾಡ, ನಾಳೆನ ಸರಿಮಾಡ್ತೇನಿ," ಎಂದ.

ಕಣ್ಣೊರೆಸಿಕೊಳ್ಳುತ್ತ ಓಡಿಬಂದ ಅಷ್ಟೂ ಜನರನ್ನು ಅತ್ತೆಯವರು ನೋಡಿದರು. ಬೈಗುಳಕ್ಕೆ ಸಿದ್ಧನಾಗಿ ನಾನು ತಲೆ ತಗ್ಗಿಸಿದೆ. ಅವರ ಮುಖವೋ ಅರಳುತ್ತಿದೆ!

"ನೋಡ್ರಿ ಅಳ್ಯಾರ, ಘಾಟು ಭೇಷ್ ಐತಿ! ದೃಷ್ಟಿ ಗಿಷ್ಟಿ ಏನೂ ಇಲ್ಲ. ಗುಡ್ಡ ಚಲೋ ಐತಿ, ಕೆಟ್ಟಿರೂದು ನಮ್ಮ ಮೂಗು."

ಎಲ್ಲರಿಗೂ ಬೆಲ್ಲ ಕೊಟ್ಟರು, ಮೊಸರು ಕೊಟ್ಟರು, ಗುಡಿಸಿದ ಬಂಡೆಯ ಮೇಲೆ ಸಾಲಾಗಿ ಕೂರಿಸಿ ರೊಟ್ಟಿ ಬಡಿಸಿದರು. ಮೈಸೂರಿನವರು ಕಣ್ಣೀರು ಸುರಿಸುತ್ತಲೇ ಉಂಡು, ಎರಡನೆಯ ಸಲವೂ ಹಾಕಿಸಿಕೊಂಡರು. ಮೇಲೆ ಚಿಕ್ಕೆಗಳು ಒಂದೊಂದಾಗಿ ಬಂದವು. ಅಷ್ಟು ಸುಖವಾದ ಊಟ ನಾನು ಯಾವ ಛತ್ರದಲ್ಲೂ ಉಂಡಿಲ್ಲ.

ಬೆಳಿಗ್ಗೆ ಇಳಿದು ಬಂದಾಗ ಅತ್ತೆಯವರು ಚೌಕಿಯ ಮುಂದೆ ನಿಂತು ಕಾವಲುಗಾರನ ಕೈಗೆ ಕಸಬರಿಗೆ ಕೊಟ್ಟರು. "ಇದನ್ನ ಇಲ್ಲೇ ಇಟ್ಕೋ ತಮ್ಮಾ. ಮ್ಯಾಲ ಕಸಾ ಬೀಳಬಾರದು ನೋಡು. ಬರೂ ವರ್ಷ ಬಂದು ನೋಡ್ತೇನಿ."

ಬರೂ ವರ್ಷ! ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಮೊನ್ನೆ ಹಾವೇರಿಯ ಪರಿಚಯದವರೊಬ್ಬರು ಅಂಗಡಿಗೆ ಬಂದಿದ್ದರು. ನನ್ನ ಬಾಯಲ್ಲಿ ಗುಡ್ಡದ ವರ್ಣನೆ ಕೇಳಿ, ನನ್ನೆದುರಿಗೇ ಸ್ಪೀಕರ್ ಹಾಕಿ ಕಾವಲುಗಾರನಿಗೆ ಫೋನು ಹಚ್ಚಿದರು. ರೂಮು? ಇಲ್ರಿ. ಕರೆಂಟು? ಇಲ್ರಿ. ಬಾತ್‌ರೂಮು? ಗಿಡಾ ಭಾಳ ಅದಾವ್ರಿ.

"ಮತ್ತ ಅಲ್ಲಿ ಇರೂದರ ಏನ್ರೀ?"

"ಗುಡ್ಡ ಐತ್ರಿ," ಎಂದ ಕಾವಲುಗಾರ. ದನಿ ತಗ್ಗಿಸಿ ಸೇರಿಸಿದ, "ಈ ವರ್ಷದಿಂದ ಕಸಬರಿಗಿನೂ ಐತ್ರಿ. ಇಳಿಯೋ ಮುಂದ ಒಂದು ಸಲ ಕಸಾ ಹೊಡದು ಹೋಗ್ರಿ, ಅಮ್ಮಾರು ಬರ್ತಾರ."