ಗೈಡು ಹಟ್ಟಿಯ ಹೊರಗೆ

ನಾನು ಇಥಿಯೋಪಿಯಾದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಪಾಠ ಕಡಿಮೆ, ಸುತ್ತಾಟ ಜಾಸ್ತಿ ಎಂಬುದು ಚಳ್ಳಕೆರೆಯಲ್ಲಿರುವ ನನ್ನ ಹೆಂಡತಿ ಮಂಜುಳಳ ಅಭಿಪ್ರಾಯ. ಅಭಿಪ್ರಾಯಕ್ಕೆ ಆಧಾರ ನಾನೇ ಕಳಿಸಿದ ಫೋಟೊಗಳು. ಜಲಪಾತದ ಮುಂದೆ ನಾನು, ಸರೋವರದ ಮುಂದೆ ನಾನು, ಇಡೀ ಬಂಡೆಯನ್ನೇ ಕೊರೆದು ಮಾಡಿದ ಚರ್ಚಿನ ಮುಂದೆ ನಾನು!

ಅಲ್ಲಿ ನನ್ನನ್ನು ಸುತ್ತಿಸುವವರು ಸಹೋದ್ಯೋಗಿ ತೆಸ್ಫಾಯೆ. ಇತಿಹಾಸದ ಮೇಷ್ಟ್ರು, ಮಿತಭಾಷಿ. ಎಲ್ಲಿಗೆ ಹೋದರೂ ನಾನು ಅವರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಿದ್ದೆ. ಚಪ್ಪಲಿ ಎಲ್ಲಿ ಬಿಡಬೇಕು? ಇಲ್ಲಿ ಮಾತಾಡಬಹುದೇ? ಅವರು ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಹೋದ ರಜೆಯಲ್ಲಿ ಅವರೇ ಕೇಳಿದರು: "ಈ ಸಲ ನಾನು ನಿಮ್ಮ ಊರು ನೋಡಬಹುದಾ? ನೀವು ತೋರಿಸಿದ ಹಾಗೆ ನೋಡಬೇಕು."

ನನಗೆ ಎದೆ ತುಂಬಿ ಬಂತು. ಎರಡು ವರ್ಷದ ಋಣ ಒಂದೇ ದಿನದಲ್ಲಿ ತೀರಿಸಿಬಿಡಬೇಕು ಎಂದುಕೊಂಡೆ. ಬೆಳಿಗ್ಗೆ ಬ್ರಹ್ಮಗಿರಿಯ ಅಶೋಕನ ಶಾಸನ, ಮಧ್ಯಾಹ್ನ ಕೊಂಡ್ಲಹಳ್ಳಿ ಆಚೆಗಿರುವ ನಮ್ಮ ಹಟ್ಟಿಯ ದೇವರ ಎತ್ತುಗಳು. ಹಟ್ಟಿಯಲ್ಲಿ ನನ್ನ ಸೋದರತ್ತೆ ಓಬಮ್ಮ ಇದ್ದಾರೆ. ನೇಗಿಲು ಕಾಣದ, ಗಾಡಿ ಎಳೆಯದ ಆ ಎತ್ತುಗಳೆಂದರೆ ನಮ್ಮ ಮ್ಯಾಸ ನಾಯಕ ಜನಕ್ಕೆ ದೇವರ ಸಮಾನ.

"ಹೋಗೋಕೆ ಮುಂಚೆ ಅತ್ತೆಗೊಂದು ಫೋನ್ ಮಾಡ್ರಿ" ಎಂದಳು ಮಂಜುಳ. "ಹಟ್ಟೀಲಿ ನೂರೆಂಟು ಕಟ್ಟುಪಾಡು ಅದಾವೆ. ಏನ್ ಮಾಡ್ಬೋದು, ಏನ್ ಮಾಡಬಾರ್ದು ಕೇಳ್ಕಳ್ಳಿ."

"ನಮ್ಮ ಹಟ್ಟಿಗೆ ಹೋಗಾಕೆ ನಾನು ಯಾರನ್ನಾದ್ರೂ ಕೇಳಬೇಕೇನೇ!"

"ಹಟ್ಟಿ ನಿಮ್ದೇ. ಹೋಗಿ ಎಷ್ಟ್ ವರ್ಷ ಆತು?"

ಇಂತಹ ಪ್ರಶ್ನೆಗಳಿಗೆ ಉತ್ತರಿಸುವ ಬದಲು ಕಾರು ಸ್ಟಾರ್ಟ್ ಮಾಡುವುದು ನನ್ನ ಪದ್ಧತಿ.

ಬ್ರಹ್ಮಗಿರಿಗೆ ನಾನು ಹಿಂದೆ ಹೋಗಿದ್ದುಂಟು. ಏಳನೇ ಕ್ಲಾಸಿನ ಪ್ರವಾಸ. ಆ ಪ್ರವಾಸದಲ್ಲಿ ನೆನಪಿರುವುದು ಚಿತ್ರಾನ್ನ ಮಾತ್ರ. ಆದರೂ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ಬಂಡೆಗಳ ನಡುವೆ ಸಲೀಸಾಗಿ ನಡೆದೆ. ಒಂದು ದೊಡ್ಡ ಬಂಡೆಯ ಮೇಲೆ ಸಾಲಾಗಿ ಗುರುತುಗಳು ಕಂಡವು. ಸಿಕ್ಕಿತು!

"ಇದೇ ಶಾಸನ. ಬ್ರಾಹ್ಮೀ ಲಿಪಿ. ಎರಡು ಸಾವಿರ ವರ್ಷ ಮಳೆಬಿಸಿಲಿಗೆ ಸವೆದಿದೆ" ಎಂದೆ.

ತೆಸ್ಫಾಯೆ ಬಂಡೆಯ ಮುಂದೆ ಮಂಡಿಯೂರಿ ಕುಳಿತು, ಪುಸ್ತಕ ತೆಗೆದು, ಗುರುತುಗಳನ್ನು ಒಂದೊಂದಾಗಿ ಬರೆದುಕೊಳ್ಳತೊಡಗಿದರು. ನಾನು ಹುರುಪಿನಿಂದ ಅಹಿಂಸೆ, ತಂದೆ ತಾಯಿಯರ ಸೇವೆ, ಗುರುಹಿರಿಯರಲ್ಲಿ ಗೌರವ ಎಂದು ಅರ್ಥ ಹೇಳುತ್ತ ಹೋದೆ. ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಕೋಲಿಗೆ ಗದ್ದ ಊರಿ ಎಲ್ಲವನ್ನೂ ಕೇಳಿಸಿಕೊಂಡರು.

"ಸಾಮಿ, ಅಶೋಕಂದು ಅಲ್ಲೈತೆ" ಎಂದರು ಕೊನೆಗೆ, ಆಚೆ ಇದ್ದ ಮಂಟಪದ ಕಡೆ ಕೋಲು ತೋರಿಸಿ. "ಇದು ನಮ್ಮ ದೊಡ್ಡಪ್ಪ ಕಲ್ಲು ಸೀಳಾಕೆ ಉಳಿ ಹೊಡೆದಿದ್ದು. ಬಂಡೆ ಸೀಳ್ಲಿಲ್ಲ, ಬಿಟ್ಟ."

ಮಂಟಪದ ಪಕ್ಕದಲ್ಲಿ ನೀಲಿ ಬೋರ್ಡು ಇತ್ತು. ಕಣ್ಣಿಗೆ ರಾಚುವಷ್ಟು ದೊಡ್ಡದಾಗಿಯೇ ಇತ್ತು. ಅಜ್ಜನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗಲೂ ತೆಸ್ಫಾಯೆ ನಗಲಿಲ್ಲ. "ಸೀಳದೆ ಬಿಟ್ಟ ಬಂಡೆಯೂ ಇತಿಹಾಸವೇ" ಎಂದು ಆ ಪುಟವನ್ನು ಹಾಗೇ ಇಟ್ಟುಕೊಂಡರು. ನಕ್ಕಿದ್ದರೆ ನನಗೆ ಅರ್ಧ ನೋವು ಕಡಿಮೆಯಾಗುತ್ತಿತ್ತು.

ಹೋದ ಮಾನವನ್ನು ಹಟ್ಟಿಯಲ್ಲಿ ವಾಪಸು ತರಲೇಬೇಕೆಂದು ಮೊಳಕಾಲ್ಮೂರಿನಲ್ಲಿ ಬಿಸಿಬಿಸಿ ಬಿರಿಯಾನಿ ಕಟ್ಟಿಸಿದೆ. "ಅತ್ತೆ ಮನೆಯಲ್ಲಿ ಎಲ್ಲರೂ ಕೂತು ತಿನ್ನೋಣ" ಎಂದೆ. ತೆಸ್ಫಾಯೆ ಏನೋ ಹೇಳಲು ಬಾಯಿ ತೆರೆದು, ನನ್ನ ಉತ್ಸಾಹ ನೋಡಿ ಸುಮ್ಮನಾದರು.

ಹಟ್ಟಿಯ ಬಾಗಿಲಲ್ಲಿ ತೆಸ್ಫಾಯೆ ಯಾರೂ ಹೇಳದೆ ಶೂ ಬಿಚ್ಚಿದರು. ನಾನು? ಬೂಟುಗಾಲಲ್ಲಿ, ಎರಡು ಕೈಯಲ್ಲೂ ಬಿರಿಯಾನಿ ಚೀಲ ಹಿಡಿದು, ದಿಗ್ವಿಜಯ ಮುಗಿಸಿ ಬಂದವನಂತೆ ಹತ್ತು ಹೆಜ್ಜೆ ಒಳಗೆ ಹೋಗಿದ್ದೆ. ಎದುರಿಗೆ ಓಬಮ್ಮತ್ತೆ.

"ಯಾವಾಗ್ ಬಂದ್ಯೋ ಪಾಲಯ್ಯ? ಕೈಯಾಗೇನದು?"

"ಬಿರಿಯಾನಿ, ಅತ್ತೆ!"

"ಏತರದ್ದು?"

ಆಗ ನೆನಪಾಯಿತು. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಜನ ಕೋಳಿ ತಿನ್ನುವುದಿಲ್ಲ, ಹಟ್ಟಿಯೊಳಗೆ ತರುವುದೂ ಇಲ್ಲ. ಅಪ್ಪನ ನೌಕರಿಯಿಂದಾಗಿ ನಾನು ಬೆಳೆದದ್ದು ಪೇಟೆಯಲ್ಲಿ. ಕೋಳಿ ತಿನ್ನಲು ಕಲಿತದ್ದು ಹಾಸ್ಟೆಲಿನಲ್ಲಿ. ಕುರಿಯದ್ದು ಎಂದಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಆದರೆ ಅತ್ತೆಯ ಮುಖ ನೋಡಿ ಸುಳ್ಳು ಹೊರಡಲಿಲ್ಲ.

"ಕೋಳೀದು..."

"ಹೊರಗ್ ನಡಿಯಲೇ!"

ನಾನಿಟ್ಟ ಹತ್ತು ಹೆಜ್ಜೆಗೂ ಹಿಂದಿನಿಂದಲೇ ಗಂಜಲ ಚಿಮುಕಿಸುತ್ತಾ ಬಂದರು. ಅಷ್ಟರಲ್ಲಿ ತೆಸ್ಫಾಯೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು: "ಇವತ್ತು ಬುಧವಾರ. ನನಗೂ ಮಾಂಸ ಆಗುವುದಿಲ್ಲ. ಪ್ರೀತಿಯಿಂದ ಕಟ್ಟಿಸಿದಿರಿ, ಬೇಡ ಅನ್ನಲು ಮನಸ್ಸಾಗಲಿಲ್ಲ."

ಬುಧವಾರ, ಶುಕ್ರವಾರ ಅವರಿಗೆ ಚರ್ಚಿನ ವ್ರತ, ಮಾಂಸ ಹಾಲು ಮುಟ್ಟುವುದಿಲ್ಲ. ಎರಡು ವರ್ಷ ಅವರ ಪಕ್ಕದಲ್ಲೇ ಕೂತು ಉಂಡವನು ನಾನು!

"ಏನಂತಾರಪ್ಪಾ ಅವರು?" ಎಂದರು ಅತ್ತೆ.

ನನ್ನ ತಪ್ಪನ್ನು ನಾನೇ ಅನುವಾದ ಮಾಡಿ ಹೇಳಬೇಕಾಯಿತು. ಕೇಳಿದ್ದೇ ತಡ, ಅತ್ತೆಯ ಮುಖ ಅರಳಿತು. "ಪರದೇಶಕ್ ಬಂದ್ರೂ ವಾರ ಬಿಟ್ಟಿಲ್ಲ ನೋಡು! ರಾ ನಾಯನಾ, ರಾ" ಎಂದು ಹಟ್ಟಿಯ ಮನೆಮಾತು ತೆಲುಗಿನಲ್ಲಿ ಮಗನನ್ನು ಕರೆಯುವಂತೆ ಕರೆದು, ಕಾಲಿಗೆ ನೀರು ಕೊಟ್ಟು, ಅವರನ್ನು ಒಳಗೆ ಕರೆದುಕೊಂಡು ಹೋದರು. ಭಾಷೆಗೆ ಅತ್ತೆಯ ಮೊಮ್ಮಗಳಿದ್ದಳು, ಡಿಗ್ರಿ ಓದುತ್ತಿದ್ದಾಳೆ. ಇಂಗ್ಲಿಷ್ ಮೇಷ್ಟ್ರ ಅಗತ್ಯವೇ ಬೀಳಲಿಲ್ಲ.

ಕಾರು ದೂರದ ರಸ್ತೆಯಲ್ಲೇ ನಿಂತಿತ್ತು. ನಾನು ಹೊರಗೆ ಜಾಲಿ ಮರದ ಕೆಳಗೆ ಬಿರಿಯಾನಿಯೊಂದಿಗೆ ಕುಳಿತೆ. ವಾಸನೆಗೆ ನಾಲ್ಕು ನಾಯಿಗಳು ಬಂದವು. ಹಾಕಿಬಿಡೋಣವೆಂದು ಗಂಟು ಬಿಚ್ಚುತ್ತಿದ್ದಂತೆ ಒಳಗಿಂದ ಅತ್ತೆಯ ಕೂಗು: "ನಾಯಿಗ್ ಹಾಕಬ್ಯಾಡಲೇ! ಮೂಳೆ ಕಚ್ಕಂಡು ಹಟ್ಟಿ ಒಳಕ್ಕೇ ಬರ್ತಾವೆ!"

ನಾನು ಚೀಲಗಳನ್ನು ತಲೆಯ ಮೇಲೆತ್ತಿ ಹಿಡಿದೆ. ನಾಯಿಗಳು ಸುತ್ತಲೂ ಕುಳಿತು ನನ್ನನ್ನೇ ನೋಡತೊಡಗಿದವು. ಆ ಒಂದು ಗಂಟೆ ನನಗೆ ಯೋಚಿಸಲು ಬೇಕಾದಷ್ಟು ಪುರುಸೊತ್ತು ಸಿಕ್ಕಿತು. ಅವರ ದೇಶದಲ್ಲಿ ಹೆಜ್ಜೆಗೊಮ್ಮೆ ಕೇಳುತ್ತಿದ್ದೆ. ಇಲ್ಲಿ ಒಬ್ಬರನ್ನೂ ಕೇಳಲಿಲ್ಲ. ನಮ್ಮದು ಎನ್ನುವುದನ್ನು ಕೇಳಿ ತಿಳಿಯಬೇಕಾಗಿಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೆ. ಅದು ಹೋಗಿರಲಿಲ್ಲ, ನಿಜ. ನಾನೇ ಹೋಗಿಬಿಟ್ಟಿದ್ದೆ. ನಾಚಿಕೆಯಾಯಿತು. ಹಸಿವೂ ಆಗಿತ್ತು.

ಮುದ್ದೆ, ಹುರುಳಿ ಸಾರು ಉಂಡು, ಎತ್ತುಗಳನ್ನು ನೋಡಿ ತೆಸ್ಫಾಯೆ ಹೊರಗೆ ಬಂದರು. ಕಣ್ಣುಗಳು ಹೊಳೆಯುತ್ತಿದ್ದವು.

"ನಿಮ್ಮ ತಾತ ದೇವರಿಗೆ ಬಿಟ್ಟ ಹಸುವಿನ ವಂಶದ ಎತ್ತು ಇನ್ನೂ ಇದೆ. ನೀವು ನೋಡಿದ್ದೀರಲ್ಲವೇ?"

ನನ್ನ ತಾತ ಹಸು ಬಿಟ್ಟಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ. "ಫೋಟೊ ತೆಗೆದಿರಾ?" ಎಂದೆ ಆಸೆಯಿಂದ.

"ಕೇಳಿದೆ. ತೆಗೆಯಬಾರದು ಅಂದರು."

"ಹೇಗಿದೆ?"

ಅವರು ಹೇಳಿದರು. ಬಿಳಿ ಮೈ, ಬಲಗಿವಿಯ ಬುಡದಲ್ಲಿ ಕಪ್ಪು ಮಚ್ಚೆ, ಹೆಸರು ಕರೆದರೆ ತಿರುಗಿ ನೋಡುತ್ತದಂತೆ. ಯಾರು ಕಾಯುತ್ತಾರೆ, ದೇವರ ಹಸುಗಳ ಹಾಲು ಯಾವ ದಿನ ಮೀಸಲು, ಎತ್ತು ಸತ್ತರೆ ಮಣ್ಣು ಹೇಗೆ ಮಾಡುತ್ತಾರೆ, ಎಲ್ಲವನ್ನೂ ಹೇಳಿದರು. ನಾನು ಶಾಲೆಯ ಹುಡುಗನಂತೆ ಕೇಳಿದೆ. ಬಂಡೆಯೊಳಗಿನ ಚರ್ಚಿನ ಬಗ್ಗೆ ಅವರು ಹೇಳುವಾಗಲೂ ನಾನು ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

ಅತ್ತೆ ಬಾಗಿಲ ತನಕ ಬಂದು ಅವರ ತಲೆ ಸವರಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟು ಇಳಿದಿತ್ತು. ಅದಕ್ಕೇ ಮಾತು ಇನ್ನೂ ಜೋರಾಗಿ ತಾಗಿತು.

"ಮುಂದಿನ್ ಸಲ ಬರೋವಾಗ್ಲೂ ಇವರನ್ನ ಕರ್ಕಂಡ್ ಬಾರಪ್ಪ. ನೀನೊಬ್ನೇ ಬಂದ್ರೆ ಹಟ್ಟಿ ತೋರ್ಸೋರು ಯಾರು?"

ಕೈ ಮುಗಿಯೋಣವೆಂದರೆ ಎರಡು ಕೈಯಲ್ಲೂ ಬಿರಿಯಾನಿ!