ಸಿಮೆಂಟಿನ ನಾಡಿ ನೋಡುವ ಭಾವ

ನಮ್ಮ ಭಾವ, ಎಂದರೆ ನನ್ನ ಅಕ್ಕನ ಗಂಡ, ಮನುಷ್ಯರ ಕೈ ಕುಲುಕಿದ್ದಕ್ಕಿಂತ ಹೆಚ್ಚು ಸಲ ಸಿಮೆಂಟ್ ಚೀಲದೊಳಗೆ ಕೈ ಹಾಕಿದ್ದಾರೆ. ಗೃಹಪ್ರವೇಶಕ್ಕೆ ಕರೆದರೆ ಎಲ್ಲರೂ ಹೋಳಿಗೆಯ ಕಡೆ ನಡೆಯುತ್ತಾರೆ, ಇವರು ಗೋಡೆಯ ಕಡೆ. ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಯಿಟ್ಟು ಕೇಳಿ, ಮನೆಯವರ ಮುಖವನ್ನು ಮರುಕದಿಂದ ನೋಡುತ್ತಾರೆ. ಆಮೇಲೆ ಅವರಿಗೆ ನಿದ್ದೆ ಬಂದೀತೇ? ಸರ್ಜಾಪುರದ ನೆಂಟರೊಬ್ಬರು ಈಚೆಗೆ ಇವರಿಗೆ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ಸಮಾರಂಭದ ಮರುದಿನ ತಲುಪುವಂತೆ ಕಳಿಸಿದರು!

ಇಂಥವರು ನಾನು ಮಾದನಾಯಕನಹಳ್ಳಿಯಲ್ಲಿ ಮನೆ ಕಟ್ಟಿಸುವಾಗ ಸುಮ್ಮನಿರುತ್ತಾರೆಯೇ? ನಾನೋ, ಪೀಣ್ಯದ ಕಾರ್ಖಾನೆಯ ಸೈರನ್ನಿಗೆ ಎದ್ದು ಕೂತು ಬಾಳಿದವನು. ತಾರಸಿಗೆ ಕಾಂಕ್ರೀಟ್ ಮೋಲ್ಡ್ ಹಾಕಲು ಒಂಬತ್ತರಿಂದ ಹತ್ತೂವರೆಯ ಮುಹೂರ್ತ ಇಡಿಸಿದ್ದೆ. ಎಂಟೂಮುಕ್ಕಾಲಿಗೆ ತೆಂಗಿನಕಾಯಿ, ಕುಂಬಳಕಾಯಿ, ಇಪ್ಪತ್ತು ಆಳು, ಗಡಗಡ ತಿರುಗುವ ಮಿಕ್ಸರ್, ಎಲ್ಲ ಸಿದ್ಧ. ಭಾವನೂ ಸಿದ್ಧ! ಚೀಲಕ್ಕೆ ಕೈ ಹಾಕಿದರು. ಹುಬ್ಬು ಗಂಟಿಕ್ಕಿತು.

"ತಣ್ಣಗಿಲ್ಲ."

ಒಳ್ಳೆಯ ಸಿಮೆಂಟ್ ಒಳಗೆ ತಣ್ಣಗಿರಬೇಕಂತೆ. ಮುಷ್ಟಿ ಬಿಚ್ಚಿದರೆ ಕಡಲೆಕಾಳಿನಷ್ಟು ದಪ್ಪ ಗಂಟುಗಳು. ಚೀಲದ ಮೇಲಿನ ತಾರೀಖು ಐದು ತಿಂಗಳು ಹಳೆಯದು.

"ಸಾರ್, ನೀರು ಸ್ವಲ್ಪ ಜಾಸ್ತಿ ಹಾಕಿದ್ರೆ ಗಂಟೆಲ್ಲ ಕರಗೋಗ್ತದೆ" ಎಂದ ಮೇಸ್ತ್ರಿ.

"ನೀರು ಜಾಸ್ತಿ ಹಾಕಕ್ಕೆ ನೀನೇನು ತಿಳಿಸಾರು ಮಾಡ್ತಿದೀಯೇನಯ್ಯಾ? ಅಷ್ಟನ್ನೂ ವಾಪಸ್ ಕಳ್ಸು!"

"ಭಾವ, ಮುಹೂರ್ತ ಮೀರುತ್ತೆ!" ಎಂದು ನಾನು ಕೂಗಿದೆ.

"ಮೀರ್ಲಿ ಬಿಡೋ. ನಿನ್ನ ಪುರೋಹಿತರು ಬಂದು ತಾರಸಿ ಹೊತ್ಕೊಂಡು ನಿಲ್ತಾರಾ?"

ಇಪ್ಪತ್ತು ಆಳುಗಳು ಚಿತ್ರಾನ್ನ ತಿಂದು, ಕೈ ತೊಳೆದು ಹೊರಟರು. ನಾನು ಭಾವನೊಂದಿಗೆ ಮಾತು ಬಿಟ್ಟೆ. ಅದು ಅವರಿಗೆ ತಿಳಿಯಲೇ ಇಲ್ಲ! ಹೊಸದಾಗಿ ಬಂದ ಚೀಲಗಳನ್ನು ಗೋಡೆಯಿಂದ ಒಂದಡಿ ದೂರ, ಹಲಗೆಯ ಮೇಲೆ ಜೋಡಿಸಿ, ಬಾಣಂತಿಗೆ ಕಂಬಳಿ ಹೊದಿಸುವಂತೆ ಟಾರ್ಪಾಲು ಹೊದಿಸುವುದರಲ್ಲಿ ಮುಳುಗಿದ್ದರು.

ಮುಂದಿನ ವಾರ ಮೋಲ್ಡ್ ಆಯಿತು. ಕಾಂಕ್ರೀಟ್ ಬಿರುಕು ಬಿಡದೆ ಗಟ್ಟಿಯಾಗಲೆಂದು ಮೇಲೆ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಿದೆವು. "ಮೂರು ದಿನ ಸಾಕು ಸಾರ್" ಎಂದ ಮೇಸ್ತ್ರಿ. "ಹದಿನಾಲ್ಕು" ಎಂದರು ಭಾವ. ನಾಲ್ಕನೆಯ ದಿನದಿಂದ ನಾನು ಬೇಕೆಂದೇ ಆ ಕಡೆ ಸುಳಿಯಲಿಲ್ಲ. ಹಠ ಹಿಡಿದವರೇ ನೀರು ಬಿಡಲಿ!

ಒಂಬತ್ತನೆಯ ದಿನ ಬೆಳಿಗ್ಗೆ ಮನಸ್ಸು ತಡೆಯದೆ ಹೋದೆ. ಭಾವ ತಾರಸಿಯ ಅಂಚಿನಲ್ಲಿ ಕೂತು, ಒಂದು ಕೈಯಲ್ಲಿ ಪೈಪ್ ಹಿಡಿದು, ಫೋನಿನಲ್ಲಿ ಅಕ್ಕನೊಂದಿಗೆ ಮಾತಾಡುತ್ತಿದ್ದರು. ಕೆಳಗೆ ಏಣಿಯ ಬಳಿ ನಿಂತ ನನ್ನನ್ನು ನೋಡಿರಲಿಲ್ಲ.

"ಹೂಂ ಕಣೇ, ಮಂಡಿ ಊದ್ಕೊಂಡಿದೆ. ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ... ಬಿಟ್ಟು ಬರೋದು ಹೆಂಗೆ? ಇದರ ಕೆಳಗೆ ದಿನಾ ಮಲಗೋನು ನಿನ್ನ ತಮ್ಮ."

ನಾನು ಸದ್ದಿಲ್ಲದೆ ರಸ್ತೆಯವರೆಗೆ ಹಿಂದಕ್ಕೆ ಹೋದೆ. ಜೋರಾಗಿ ಕೆಮ್ಮುತ್ತ ಮತ್ತೆ ಬಂದು ಏಣಿ ಹತ್ತಿದೆ.

"ಭಾವ, ಇವತ್ತಿಂದ ನೀರು ನಾನು ಬಿಡ್ತೀನಿ."

"ನಿನಗೆ ಗೊತ್ತಾಗಲ್ಲ ಕಣೋ. ಮೂಲೆ ಒಣಗಿಸಿಬಿಡ್ತೀಯ."

"ಹೇಳಿಕೊಡಿ" ಎಂದು ಅವರ ಪಕ್ಕದಲ್ಲಿ ಕೂತೆ.