ಒಂದು ಹೊತ್ತಿನ ಒಂಟಿ ಊಟ

ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಜ್ಜಿ ಎದೆಗೆ ತಿಕ್ಕುತ್ತಿದ್ದ ಮುಲಾಮಿನ ವಾಸನೆ, ಐವತ್ತರ ಹತ್ತಿರದಲ್ಲಿ, ಅದೂ ಕೆಲಸದ ನಡುವೆ ಮೂಗಿಗೆ ಬಡಿದರೆ ಯಾರ ಕೈಯಾದರೂ ನಿಲ್ಲುತ್ತದೆ. ಛತ್ರಿ ಕಾರ್ಖಾನೆಯ ಪರೀಕ್ಷಕನ ಕೈಯೂ ನಿಂತಿತು. ದಿನಕ್ಕೆ ಮುನ್ನೂರು ಛತ್ರಿಗಳನ್ನು ಬಿಚ್ಚಿ, ಮುಚ್ಚಿ, ಸರಿಯಿದೆ ಎಂದು ಚೀಟಿ ಅಂಟಿಸುವುದು ಅವನ ಕೆಲಸ. ಆಗ ಕೈಯಲ್ಲಿದ್ದ ಛತ್ರಿ ಅರ್ಧಕ್ಕೇ ನಿಂತು, ಆಕಳಿಸಲು ಹೋಗಿ ಮರೆತವನ ಬಾಯಿಯಂತೆ ಕಂಡಿತು.

ವಾಸನೆ ಬಂದದ್ದು ಹಿಡಿಕೆ ಮೇಸ್ತ್ರಿ ಅಂದು ಬೆಳಿಗ್ಗೆ ತೆರೆದ ಹೊಸ ಅಂಟಿನ ಡಬ್ಬಿಯಿಂದ. ಪರೀಕ್ಷಕನಿಗೆ ಅದರ ಜೊತೆ ಇನ್ನೊಂದು ನೆನಪೂ ಬಂತು. ಒಂಬತ್ತು ಮಕ್ಕಳ ಮನೆ ಅದು. ಊಟವೆಂದರೆ ಯುದ್ಧ. ಆದರೆ ಆ ಜ್ವರದಲ್ಲಿ ಮೂರು ದಿನ ಅವನನ್ನು ಒಳಕೋಣೆಯಲ್ಲಿ ಒಬ್ಬನೇ ಮಲಗಿಸಿ, ಬಾಗಿಲು ಮುಂದೆ ಮಾಡಿ, ಬಿಸಿ ಗಂಜಿ ಕೊಟ್ಟಿದ್ದರು. ಚಮಚ ಬಟ್ಟಲಿಗೆ ತಾಗುವ ಸದ್ದು ಅವನಿಗೆ ಕೇಳಿಸಿತ್ತು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಹುಡುಗ ಗೋಳೋ ಎಂದು ಅತ್ತಿದ್ದ. ಯಾಕೆಂದು ಯಾರಿಗೂ ತಿಳಿದಿರಲಿಲ್ಲ.

ಅಲ್ಲಿಂದ ಈಚೆಗೆ ಅವನು ಒಂದು ಹೊತ್ತೂ ಒಬ್ಬನೇ ಉಂಡವನಲ್ಲ. ‘ಇವತ್ತು ಉಣ್ಣುತ್ತೇನೆ’ ಎಂದುಕೊಂಡ, ಛತ್ರಿಯನ್ನು ಪೂರ್ತಿ ಬಿಚ್ಚಿದ.

ಇದರಲ್ಲೇನು ಮಹಾ ಎಂದು ಹೊರಗಿನವರು ಕೇಳಬಹುದು. ಹೊರಗಿನವರಿಗೆ ಆ ಕಾರ್ಖಾನೆಯ ಉದ್ದನೆಯ ಮೇಜು ಗೊತ್ತಿಲ್ಲ. ಬೆಳಿಗ್ಗೆಯಿಂದ ಅದರ ಮೇಲೆ ಛತ್ರಿಯ ಬಟ್ಟೆ ಕತ್ತರಿಸುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಬಟ್ಟೆ ಸರಿಸಿ ಹನ್ನೊಂದು ಜನರೂ ಡಬ್ಬಿ ಬಿಚ್ಚುತ್ತಾರೆ. ಡಬ್ಬಿಗಳೆಲ್ಲ ನಡುವಿಗೆ. ಮೊದಲ ತುತ್ತು ತನ್ನ ಡಬ್ಬಿಯಿಂದ ತೆಗೆಯುವ ಹಾಗಿಲ್ಲ. ಇನ್ನೊಬ್ಬರದನ್ನು ತಿಂದ ಮೇಲೆ ಏನಾದರೂ ಒಂದು ಮಾತು ಹೇಳಲೇಬೇಕು. ಬರೆದಿಟ್ಟ ಕಾನೂನಲ್ಲ ಇದು. ಬರೆದಿದ್ದರೆ ಎಂದೋ ಯಾರಾದರೂ ಮುರಿಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಹೆಂಡತಿ ಕಟ್ಟಿಕೊಟ್ಟ ಊಟದ ರುಚಿಯನ್ನು ಪರೀಕ್ಷಕ ಬೇರೆಯವರ ಬಾಯಿಂದ ಕೇಳಿ ತಿಳಿದುಕೊಂಡಿದ್ದ.

ಊಟದ ಗಂಟೆ ಹೊಡೆಯಿತು. ಅವನು ಡಬ್ಬಿ ಹಿಡಿದು, ಉದ್ದನೆಯ ಮೇಜನ್ನು ದಾಟಿ, ಕಿಟಕಿಯ ಪಕ್ಕ ನೂಲಿನ ಉಂಡೆಗಳನ್ನಿಡುವ ಪುಟ್ಟ ಮೇಜಿನ ಹತ್ತಿರ ಹೋದ. ಉಂಡೆಗಳನ್ನು ಕೆಳಗಿಟ್ಟು, ಸ್ಟೂಲೆಳೆದು, ಎಲ್ಲರಿಗೂ ಬೆನ್ನು ಮಾಡಿ ಕೂತ.

ಹಿಂದೆ ಹತ್ತು ಬಾಯಿಗಳು ಒಟ್ಟಿಗೆ ನಿಂತವು.

“ಏನಯ್ಯಾ, ಅಲ್ಲೇನಾದ್ರೂ ಬಿದ್ದೋಯ್ತಾ?” ಹಿಡಿಕೆ ಮೇಸ್ತ್ರಿ ಕೇಳಿದ.

“ಇಲ್ಲ. ಇವತ್ತು ಒಬ್ಬನೇ ಊಟ ಮಾಡ್ತೀನಿ.”

“ಹುಷಾರಾಗಿದ್ದೀ ತಾನೇ?”

“ಹುಷಾರಾಗಿದ್ದೀನಿ. ಸುಮ್ನೆ, ಒಬ್ಬನೇ ತಿನ್ನೋಣ ಅನ್ನಿಸ್ತು.”

“ಸುಮ್ನೆ ಅಂತೆ!” ಮೇಸ್ತ್ರಿ ಉಳಿದವರ ಕಡೆ ತಿರುಗಿದ. ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಆ ಮೇಜು ಅಷ್ಟು ಬೆಚ್ಚುತ್ತಿರಲಿಲ್ಲ.

ಮೊದಲು ಎದ್ದು ಬಂದವಳು ಹೊಲಿಗೆಯ ಅಕ್ಕ. ಕಾರ್ಖಾನೆಗೆಲ್ಲ ಹಿರಿಯಳು, ಯಾರ ಅಂಗಿಯ ಗುಂಡಿ ಸಡಿಲವಾದರೂ, ಅವರು ಕೇಳುವ ಮೊದಲೇ ಸೂಜಿ ಹಿಡಿದು ಬರುವವಳು. ಅವನ ಪಕ್ಕ ನಿಂತು ಸೆರಗಿನಿಂದ ಕಣ್ಣೊತ್ತಿಕೊಂಡಳು.

“ನಿನ್ನೆ ನಿನ್ನ ಡಬ್ಬಿಯ ಆಲೂಗಡ್ಡೆಗೆ ಉಪ್ಪು ಸಾಲದು ಅಂದಿದ್ದು ನಂದೇ ತಪ್ಪು ಕಣಪ್ಪಾ. ನಾಲಿಗೆಗೆ ಮೂಳೆ ಇಲ್ಲ ನೋಡು.”

“ಅಕ್ಕಾ, ನಂಗದು ನೆನಪೇ ಇಲ್ಲ.”

“ಅಷ್ಟು ದೊಡ್ಡ ಮನಸ್ಸು ನಿಂದು! ಅದಕ್ಕೇ ಒಳಗೊಳಗೇ ನುಂಗ್ಕೊಂಡಿದ್ದೀಯಾ.”

ನುಂಗಲು ಅವನಿಗಿನ್ನೂ ಒಂದು ತುತ್ತೂ ಸಿಕ್ಕಿರಲಿಲ್ಲ. ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಮೇಸ್ತ್ರಿ ಬಂದು ತಲೆ ತಗ್ಗಿಸಿ ನಿಂತ.

“ನೀನು ಸುತ್ತಿ ಬಳಸಿ ಹೇಳ್ಬೇಡ. ಹೋದ ವರ್ಷ ನಿನ್ನ ಹಳೇ ಸ್ಟೂಲು ಮುರಿದವನು ನಾನೇ. ಮೇಲೆ ಹತ್ತಿ ಬಲ್ಬು ಹಾಕ್ತಿದ್ದೆ.”

“ಮೇಸ್ತ್ರೀ! ನಾನು ಮೂರು ದಿನ ಸೊಂಟ ಹಿಡ್ಕೊಂಡು ಓಡಾಡಿದ್ನಲ್ಲಾ! ಇಲಿ ಕಡಿದಿರಬೇಕು ಅಂದವನು ನೀನೇ ಅಲ್ವಾ?”

“ಹೂಂ. ಅಂದೆ.”

ಮೇಸ್ತ್ರಿ ಹೇಳಿಕೊಂಡದ್ದನ್ನು ನೋಡಿ ಕತ್ತರಿಯವನಿಗೂ ಧೈರ್ಯ ಬಂತು. ಪರೀಕ್ಷಕನಿಗೆ ‘ಮುಚ್ಚಳ’ ಎಂಬ ಅಡ್ಡಹೆಸರಿಟ್ಟವನು ತಾನೇ ಎಂದ. ತನಗೊಂದು ಅಡ್ಡಹೆಸರಿದೆ ಎಂಬುದೇ ಪರೀಕ್ಷಕನಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕಡ್ಡಿ ಜೋಡಿಸುವವನು, ಹೋದ ತಿಂಗಳು ಪರೀಕ್ಷಕನ ಬೂಟಿಗೆ ನೀರು ಚೆಲ್ಲಿ ‘ಮಾಡು ಸೋರಿತು’ ಎಂದದ್ದನ್ನು ಹೇಳಿದ. ಹೀಗೆ ಒಬ್ಬರ ಹಿಂದೆ ಒಬ್ಬರು, ಕ್ಷೌರದಂಗಡಿಯಲ್ಲಿ ಪಾಳಿಗೆ ಕಾದವರಂತೆ, ಬಂದು ತಪ್ಪೊಪ್ಪಿಕೊಂಡು ಹೋದರು. ಯಾರ ಮೇಲೂ ಕೋಪವಿಲ್ಲದೆ ಕೂತಿದ್ದವನಿಗೆ ಕಾಲು ಗಂಟೆಯೊಳಗೆ ಹತ್ತು ಜನರ ಮೇಲೂ ಕೋಪ ಬಂತು.

“ಆಯ್ತಪ್ಪಾ, ಎಲ್ಲರನ್ನೂ ಕ್ಷಮಿಸಿದ್ದೀನಿ! ಈಗ ಊಟ ಮಾಡ್ಲಾ?”

“ಬಾ ಹಾಗಾದ್ರೆ, ಮೇಜಿಗೆ.”

“ಇಲ್ಲ! ಇಲ್ಲೇ! ಒಬ್ಬನೇ!”

ಜನ ಮುಖ ಮುಖ ನೋಡಿಕೊಂಡರು. ಕಾರ್ಖಾನೆಯಲ್ಲಿ ಕಾರಣವಿಲ್ಲವೆಂದರೆ ಮನೆಯಲ್ಲಿರಬೇಕು. ಹೊಲಿಗೆಯ ಅಕ್ಕ ಫೋನು ಮಾಡಿದಳು. ಎರಡೇ ಬೀದಿ ಆಚೆಗಿದ್ದ ಅವನ ಹೆಂಡತಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನ ಚಪ್ಪಲಿ ಹಾಕಿಕೊಂಡು ಓಡಿ ಬಂದಳು.

“ರೀ, ಏನಾಯ್ತ್ರೀ? ನೀವು ಮೂಲೆ ಸೇರಿದ್ದೀರಿ ಅಂದ್ರು!”

“ಮೂಲೆ ಅಲ್ಲ ಕಣೇ, ಕಿಟಕಿ.”

“ನಾಲ್ಕು ಜನರ ಮುಂದೆ ಬಿಚ್ಚೋಕೆ ನಾಚಿಕೆ ಆಗೋ ಅಂಥದ್ದು ನಾನೇನು ಕಟ್ಟಿದ್ದೆ? ಬಚ್ಚಿಟ್ಕೊಂಡು ತಿನ್ನೋ ಹಾಗೆ?”

“ಅಯ್ಯೋ, ನಿನ್ನ ಅಡುಗೆಗೂ ಇದಕ್ಕೂ...”

“ಸುಮ್ನಿರಿ! ಎಲ್ಲರೂ ನೋಡ್ಲಿ!” ಅವಳು ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ತೆಗೆದೇಬಿಟ್ಟಳು. “ಅಕ್ಕಾ, ನೀವೇ ರುಚಿ ನೋಡಿ ಹೇಳಿ. ಏನು ಕಮ್ಮಿಯಾಗಿದೆ?”

ಹೊಲಿಗೆಯ ಅಕ್ಕ ಒಂದು ತುತ್ತು ತಿಂದು, ಕಣ್ಣು ಮುಚ್ಚಿ, “ಉಪ್ಪು ಹದವಾಗಿದೆ,” ಎಂದು ಗಟ್ಟಿಯಾಗಿ ಸಾಕ್ಷಿ ಹೇಳಿದಳು. ಒಬ್ಬರ ಸಾಕ್ಷಿ ಸಾಲುತ್ತದೆಯೇ? ಮೇಸ್ತ್ರಿ ತಿಂದ. “ಬಂಗಾರದಂಥ ಊಟ!” ಎಂದ. ಕತ್ತರಿಯವನಿಗೆ ಮೊದಲ ತುತ್ತಿನಲ್ಲಿ ಸಂಶಯ ತೀರಲಿಲ್ಲ, ಇನ್ನೊಂದು ತೆಗೆದುಕೊಂಡ. ಪಾಪ, ಎಲ್ಲರೂ ಆ ಹೆಣ್ಣುಮಗಳ ಮನಸ್ಸು ನೋಯಬಾರದೆಂದೇ ತಿಂದರು. ಒಳ್ಳೆಯ ಮನಸ್ಸಿನಿಂದ ತಿಂದರೂ ಡಬ್ಬಿ ಖಾಲಿಯಾಗದೆ ಇರುತ್ತದೆಯೇ? ಹತ್ತನೆಯವನು ತಳ ಕೆರೆದು, “ಇದರಲ್ಲಿ ತಪ್ಪು ಹುಡುಕಿದವನಿಗೆ ಕಣ್ಣಿಲ್ಲ,” ಎಂದು ತೀರ್ಪು ಕೊಟ್ಟ.

ಡಬ್ಬಿ ಮತ್ತೆ ಕಿಟಕಿಯ ಮೇಜಿಗೆ ಬಂತು. ಪರೀಕ್ಷಕ ಅದರೊಳಗೆ ನೋಡಿದ. ತಳದಲ್ಲಿ ಅವನ ಮುಖವೇ ಕಂಡಿತು.

ಅಷ್ಟರಲ್ಲಿ ಮೆಟ್ಟಿಲಿಳಿದು ಮ್ಯಾನೇಜರು ಬಂದರು. ಸೌಮ್ಯ ಮನುಷ್ಯ; ಬೈಯಬೇಕಾದಾಗಲೂ ಮೊದಲು ಕೆಮ್ಮಿ ಸೂಚನೆ ಕೊಡುವವರು. ಈಗಲೂ ಕೆಮ್ಮಿದರು.

“ನೋಡಪ್ಪಾ, ನೀನು ಗುಂಪು ಬಿಟ್ಟು ಕೂತಿದ್ದೀಯಾ ಅಂತ ಸುದ್ದಿ ಬಂತು. ಬೇರೆ ಕಾರ್ಖಾನೆಯವರು ಕರೆದಿದ್ದಾರಾ? ಇದ್ದದ್ದು ಹೇಳು. ಎಲ್ಲಿಗೆ ಹೋಗ್ತಿದ್ದೀಯಾ?”

“ಅಯ್ಯಯ್ಯೋ!” ಎಂದು ಹೆಂಡತಿ, ಮ್ಯಾನೇಜರನ್ನು ಕಂಡು ಗಂಡ ಎದ್ದಿದ್ದರಿಂದ ಖಾಲಿಯಾದ ಸ್ಟೂಲಿನ ಮೇಲೆ ಕುಸಿದಳು. ಕೂರಲು ಇದ್ದ ಒಂದು ಸ್ಟೂಲೂ ಹೋಯಿತು.

ಪರೀಕ್ಷಕನೊಳಗೆ ಇಪ್ಪತ್ತೆರಡು ವರ್ಷ ಮಡಚಿಟ್ಟಿದ್ದ ಏನೋ ಒಂದು ಫಟ್ಟನೆ ಬಿಚ್ಚಿಕೊಂಡಿತು. ಛತ್ರಿಯ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತ.

“ನಾನು ಎಲ್ಲಿಗೂ ಹೋಗ್ತಿಲ್ಲ ಸಾರ್! ಯಾರ ಜೊತೇನೂ ಜಗಳ ಇಲ್ಲ. ನನ್ನ ಹೆಂಡ್ತಿ ಕೈರುಚಿ ಚೆನ್ನಾಗಿದೆ ಅಂತ ಈಗಷ್ಟೇ ಹತ್ತು ಜನ ಹೇಳಿದ್ರು, ನಾನೂ ನಂಬ್ತೀನಿ. ನಂಗೆ ನೀವೆಲ್ಲ ಬೇಕು. ಹುಷಾರಿಲ್ಲದಾಗ ಹಣ್ಣು ತರೋಕೆ ನೀವೇ ಬೇಕು, ಅಳೋಕೂ ನೀವೇ ಬೇಕು. ಆದ್ರೆ ಒಂದೇ ಒಂದು ಹೊತ್ತು, ರುಚಿ ಹೇಗಿದೆ ಅಂತ ಯಾರಿಗೂ ಹೇಳದೆ, ನನ್ನ ಹಲ್ಲಿನ ಸದ್ದು ನಂಗೇ ಕೇಳೋ ಹಾಗೆ ತಿನ್ನಬೇಕು! ಒಬ್ಬನೇ ತಿಂದ್ರೆ ದುಃಖ ಇರಲೇಬೇಕಾ? ಸಂತೋಷವಾಗಿ ಒಬ್ಬನೇ ತಿನ್ನಬಾರದಾ?”

ಹೊರಗೆ ಬೀದಿಯಲ್ಲಿ ಸೈಕಲ್ಲೊಂದು ಕಿರುಗುಟ್ಟುತ್ತಾ ಹೋದದ್ದೂ ಕೇಳಿಸಿತು.

ಮ್ಯಾನೇಜರು ಕೆಮ್ಮಲಿಲ್ಲ. “ತಿನ್ನಬಹುದು,” ಎಂದರು. “ಇವತ್ತಿಂದ ಕಿಟಕಿ ಮೇಜು ಒಬ್ಬರೇ ಊಟ ಮಾಡೋರಿಗೆ. ಅಲ್ಲಿ ಕೂತೋರನ್ನ ಯಾರೂ ಯಾಕೆ ಅಂತ ಕೇಳಬಾರದು, ಮಾತಾಡಿಸಬಾರದು. ಗಲಾಟೆಯಲ್ಲಿ ಹೊತ್ತು ಹೋಯ್ತು. ಊಟಕ್ಕೆ ಇನ್ನರ್ಧ ಗಂಟೆ ತಗೊಳ್ಳಿ.” ಇಷ್ಟು ಹೇಳಿ ಮೇಲೆ ಹೋದರು.

ಮೊದಲು ಚಪ್ಪಾಳೆ ತಟ್ಟಿದವಳು ಹೊಲಿಗೆಯ ಅಕ್ಕ. ಆಮೇಲೆ ಮಾಡು ಹಾರಿಹೋಗುವಂಥ ಚಪ್ಪಾಳೆ. ಮೇಸ್ತ್ರಿ ಪರೀಕ್ಷಕನನ್ನು ಪೆಟ್ಟಿಗೆಯಿಂದ ಎತ್ತಿ ಇಳಿಸಿದ. ಕತ್ತರಿಯವನು ಒಂದು ಕೆಂಪು ಛತ್ರಿ ಬಿಚ್ಚಿ ಅವನ ತಲೆಯ ಮೇಲೆ ಹಿಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಕೇಳಿದ್ದು ಒಂದೇ, ಅದನ್ನು ಗೆದ್ದಿದ್ದ! ಗೆದ್ದವನ ಗತ್ತಿನಿಂದ ಅವನು ಕೈತೊಳೆಯಲು ಹೋದ. ಊಟವಿಲ್ಲದಿದ್ದರೇನು, ಖಾಲಿ ಡಬ್ಬಿಯ ಮುಂದಾದರೂ ಒಬ್ಬನೇ ಕೂರುತ್ತೇನೆ ಎಂದುಕೊಂಡ.

ಬಂದು ನೋಡಿದರೆ ಕಿಟಕಿಯ ಮೇಜಿನ ಮುಂದೆ ಹೊಲಿಗೆಯ ಅಕ್ಕ ಕೂತಿದ್ದಳು.

“ಮೂವತ್ತು ವರ್ಷದ ಆಸೆ ಕಣಪ್ಪಾ,” ಎಂದು ಪಿಸುಗುಟ್ಟಿದಳು. “ಹೇಳೋಕೆ ಬಾಯಿ ಬರ್ತಿರಲಿಲ್ಲ. ನೀನು ಹೇಳಿದೆ.” ಕೂಡಲೇ ನಿಯಮ ನೆನಪಾಗಿ ಬಾಯಿಗೆ ಬೆರಳಿಟ್ಟುಕೊಂಡಳು.

ಅವಳ ಪಕ್ಕ ಮೇಸ್ತ್ರಿ. ಅವನ ಪಕ್ಕ ಕತ್ತರಿಯವನು, ಆಚೆ ಕಡ್ಡಿಯವನು. ಬೆಂಚು ಎಳೆದು ಉಳಿದವರೆಲ್ಲ ಸುತ್ತ. ಮೊಣಕೈಗೆ ಮೊಣಕೈ ತಾಗುತ್ತಿದ್ದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಡಬ್ಬಿಯೊಳಗೆ ಕಣ್ಣಿಟ್ಟು, ಉಸಿರೆತ್ತದೆ, ಪರಮಾನಂದದಿಂದ ಒಬ್ಬೊಬ್ಬರೇ ಉಣ್ಣುತ್ತಿದ್ದರು. ಅವನ ಹೆಂಡತಿಗೂ ಮೇಸ್ತ್ರಿ ಸದ್ದಿಲ್ಲದೆ ತನ್ನ ಡಬ್ಬಿಯ ಒಂದು ಪಾಲು ತೆಗೆದು ಮುಂದಿಟ್ಟಿದ್ದ. ಅವಳು ತಲೆಯೆತ್ತಿ ಗಂಡನನ್ನು ನೋಡಿ, ಇದೆಂಥ ಸುಖ ಕಂಡುಹಿಡಿದಿರಿ ಎಂಬಂತೆ ನಕ್ಕು, ಮತ್ತೆ ತಲೆ ತಗ್ಗಿಸಿದಳು. ಸೂಜಿ ತೂರಿಸಲೂ ಅಲ್ಲಿ ಜಾಗವಿರಲಿಲ್ಲ.

ಪರೀಕ್ಷಕ ತನ್ನ ಖಾಲಿ ಡಬ್ಬಿಯನ್ನು ಎತ್ತಿಕೊಂಡು ತಿರುಗಿದ. ಉದ್ದನೆಯ ಮೇಜು ಈ ತುದಿಯಿಂದ ಆ ತುದಿಯವರೆಗೆ ಖಾಲಿ. ಅರೆ! ಅವನು ಹೋಗಿ ನಟ್ಟನಡುವೆ ಕೂತ. ಎಡಕ್ಕೆ ಯಾರೂ ಇಲ್ಲ, ಬಲಕ್ಕೆ ಯಾರೂ ಇಲ್ಲ. ಖಾಲಿ ಡಬ್ಬಿಗೆ ಚಮಚ ತಾಗಿಸಿದ. ಟಿಣ್ ಎಂದಿತು. ಎಷ್ಟು ಚೆನ್ನಾಗಿ ಕೇಳಿಸಿತು! ಹೊಟ್ಟೆ ಚುರುಗುಟ್ಟುತ್ತಿದ್ದರೂ ಅವನ ಮುಖ ಅರಳಿತು.

ಹಿಂದೆ ಯಾರೋ ಕೆಮ್ಮಿದರು.

ಮ್ಯಾನೇಜರು. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ, ಕಂಕುಳಲ್ಲಿ ನೀರಿನ ಬಾಟಲಿ. ಹೊಸ ಶಾಲೆಗೆ ಮೊದಲ ದಿನ ಬಂದ ಮಗುವಿನ ಹಾಗೆ ನಿಂತಿದ್ದರು.

“ಇಲ್ಲಿ ಕೂತ್ಕೋಬಹುದಾ?” ಎಂದು ಮೆಲ್ಲನೆ ಕೇಳಿದರು. “ಹದಿನಾಲ್ಕು ವರ್ಷ ಆಯ್ತು ಮೇಲೆ ಗೋಡೆ ನೋಡ್ಕೊಂಡು ಒಬ್ಬನೇ ತಿಂತಾ. ಮ್ಯಾನೇಜರು ಅಂದ್ರೆ ಒಬ್ಬರೇ ತಿನ್ನೋರು ಅಂತ ಯಾರೂ ಕರೀಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ನೀನು ಬಾಯಿಬಿಟ್ಟು ಕೇಳಿದ್ದು ನೋಡಿ ನಂಗೂ ಧೈರ್ಯ ಬಂತಪ್ಪಾ.”

ಪರೀಕ್ಷಕ ತನ್ನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಬೆಂಚಿನ ಮೇಲೆ ಒಂದು ಮೊಳ ಸರಿದು ಕೂತ.

ಮ್ಯಾನೇಜರು ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿದರು. ಅವನ ಖಾಲಿ ಡಬ್ಬಿ ಅವರ ಕಣ್ಣಿಗೆ ಬಿತ್ತು. ಏನೂ ಕೇಳಲಿಲ್ಲ. ತಮ್ಮ ಊಟದಲ್ಲಿ ಅರ್ಧವನ್ನು, ಅರ್ಧಕ್ಕಿಂತ ತುಸು ಹೆಚ್ಚೇ, ಮುಚ್ಚಳಕ್ಕೆ ಬಡಿಸಿ, ಅವನ ಮುಂದಕ್ಕೆ ಮೆಲ್ಲಗೆ ಸರಿಸಿದರು.